ಪ್ರಯೋಗಶಾಲೆಯ ಇಲಿ, ಕಂಬಳದ ಕೋಣ: ಓಟದ ಅಳತೆಯ ಇತಿಹಾಸ

ಕ್ರಿ.ಶ. 1623ರ ಆದಿಭಾಗದಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಗುಜರಾತಿನ ಖಂಭಾತ್ ನಗರವನ್ನು ಸಂದರ್ಶಿಸಿದನು. ಅಲ್ಲಿಯ ವರ್ತಕ ಸಮಾಜದ ಆಶ್ರಯದಲ್ಲಿ ನಡೆಯುತ್ತಿದ್ದ ಪಕ್ಷಿಗಳ ಆಸ್ಪತ್ರೆಯನ್ನು ಕಂಡು, ಆ ವಿವರಗಳನ್ನು ಸ್ವದೇಶದ ಮಿತ್ರನಿಗೆ ಪತ್ರಮುಖೇನ ತಿಳಿಸಿದನು. ರೋಗಪೀಡಿತವಾದ, ಅಂಗಹೀನವಾದ ಹಕ್ಕಿಗಳ ನಡುವೆ ಅವನನ್ನು ವಿಶೇಷವಾಗಿ ಆಕರ್ಷಿಸಿದ್ದು ತಬ್ಬಲಿಗಳಾದ ಕೆಲವು ಇಲಿಮರಿಗಳು. ಅವನ್ನು ಪೆಟ್ಟಿಗೆಯೊಂದರಲ್ಲಿ ಹತ್ತಿಯ ಮೇಲೆ ಮಲಗಿಸಿ, ಕನ್ನಡಕ ಧರಿಸಿದ ಬಿಳಿಗಡ್ಡದ ವೃದ್ಧನೊಬ್ಬನು ಹಕ್ಕಿಯ ಗರಿಯಿಂದ ಹಾಲೂಡಿಸುತ್ತಿದ್ದನಂತೆ. ಅದೇ ವರ್ಷದ ಕೊನೆಯಲ್ಲಿ ದೆಲ್ಲ ವಾಲೆ ಇಕ್ಕೇರಿಯನ್ನು ನೋಡಿಕೊಂಡು ತುಳುನಾಡಿಗೆ ಇಳಿದನು. ಚೌಟ ಮನೆತನದ ಉಳ್ಳಾಲದ ರಾಣಿಯನ್ನು ಕಂಡನು. ರಾಣಿಯು ಆ ಹೊತ್ತಿನಲ್ಲಿ ಹೊಲಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ಸ್ವತಃ ನಿಂತು ಮಾಡಿಸುತ್ತಿದ್ದಳೆಂಬುದೂ ಅವನ ಬರಹದಿಂದಲೇ ತಿಳಿದುಬರುತ್ತದೆ.

ಇಲಿಗೆ ಹಾಲೂಡಿಸಿದ ಕೈಯ ಇತಿಹಾಸ ಜೈನ ಸಮಾಜಕ್ಕೆ ಅಪರಿಚಿತವಲ್ಲ. ಅದೇ ಇಲಿಯನ್ನು ಗಾಜಿನ ಪಾತ್ರೆಯೊಳಗಿಟ್ಟು ಉಸಿರನ್ನೂ ಓಟವನ್ನೂ ಅಳೆದ ಕೈಯ ಇತಿಹಾಸ ಅಷ್ಟಾಗಿ ಪರಿಚಿತವಲ್ಲ. ಉಡುಪಿ ಜಿಲ್ಲೆಯ ಪೆರ್ಡೂರಿನಂತಹ ಗ್ರಾಮದ ನಿವಾಸಿಗಳಿಗೆ ಇದು ದೂರದ ವಿಷಯವೂ ಅಲ್ಲ. ಪೆರ್ಡೂರಿನಿಂದ ಹಿರಿಯಡಕಕ್ಕೆ ಬಂದರೆ ದಾರಿ ಕವಲೊಡೆಯುತ್ತದೆ: ಒಂದು ಕವಲು ಮಣಿಪಾಲಕ್ಕೆ, ಇನ್ನೊಂದು ಕಾರ್ಕಳಕ್ಕೆ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇದೆ. ವೈದ್ಯಕೀಯ ಸಂಶೋಧನೆ ಇರುವಲ್ಲಿ ಸಾಮಾನ್ಯವಾಗಿ ಇಲಿಯೂ ಇರುತ್ತದೆ. ಕಾರ್ಕಳದ ಪಕ್ಕದ ಮಿಯಾರಿನಲ್ಲಿ ಕಂಬಳದ ಕರೆ ಇದೆ. ಒಂದೆಡೆ ಮೂವತ್ತು ಗ್ರಾಂ ತೂಗದ ಪ್ರಾಣಿ, ಇನ್ನೊಂದೆಡೆ ಹಲವು ಕ್ವಿಂಟಲ್ ತೂಗುವ ಪ್ರಾಣಿ. ಎರಡರ ಮುಂದೆಯೂ ಮನುಷ್ಯ ಕೇಳಿದ ಪ್ರಶ್ನೆ ಮಾತ್ರ ಒಂದೇ. ಜಾತಿ ಒಂದು, ಮೇವು ಒಂದು, ಅಭ್ಯಾಸವೂ ಒಂದು. ಆದರೂ ಒಂದು ಜೀವ ಮುಂದೆ ಓಡುವುದೇಕೆ, ಮತ್ತೊಂದು ಹಿಂದುಳಿಯುವುದೇಕೆ?

ಯುರೋಪಿನಲ್ಲಿ ಇಲಿಯು ಪ್ರಯೋಗಕ್ಕೆ ಸಿಕ್ಕಿದ್ದು ಉಸಿರಾಟದ ಅಧ್ಯಯನದ ಮೂಲಕ. 1674ರಲ್ಲಿ ಜಾನ್ ಮೇಯೊ ಎಂಬ ಆಂಗ್ಲ ವೈದ್ಯನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಇಲಿಯನ್ನಿಟ್ಟು, ಅದು ಗಾಳಿಯ ಒಂದು ಅಂಶವನ್ನು ಮಾತ್ರ ಬಳಸುತ್ತದೆಂದು ಪ್ರತಿಪಾದಿಸಿದನು. ಸುಮಾರು ನೂರು ವರ್ಷಗಳ ಅನಂತರ ಜೋಸೆಫ್ ಪ್ರೀಸ್ಟ್ಲಿ ಇದೇ ಮಾರ್ಗದಲ್ಲಿ ಬಹುದೂರ ಸಾಗಿದನು. ಮನೆಯಲ್ಲಿ ಬೋನಿಟ್ಟು ಹಿಡಿದ ಇಲಿಗಳನ್ನು ಬಗೆಬಗೆಯ ಅನಿಲಗಳಲ್ಲಿ ಇರಿಸಿ ಅವು ಬದುಕುವ ಅವಧಿಯನ್ನು ಗುರುತಿಸುವುದು ಅವನ ಪದ್ಧತಿ. 1775ರ ಮಾರ್ಚ್ ತಿಂಗಳಲ್ಲಿ, ತಾನು ಹಿಂದಿನ ವರ್ಷ ಪಡೆದಿದ್ದ ಹೊಸ ಅನಿಲದಲ್ಲಿ ಒಂದು ಇಲಿಯನ್ನಿಟ್ಟನು. ಅಷ್ಟೇ ಪ್ರಮಾಣದ ಸಾಮಾನ್ಯ ಗಾಳಿಯಲ್ಲಿ ಅದು ಕಾಲು ಗಂಟೆ ಬಾಳಬಹುದೆಂದು ಅವನ ಎಣಿಕೆ. ಅದು ಅರ್ಧ ಗಂಟೆ ಬಾಳಿತು, ಹೊರತೆಗೆದು ಬೆಂಕಿಯ ಬಳಿ ಹಿಡಿದಾಗ ಮತ್ತೆ ಚೇತರಿಸಿಕೊಂಡಿತು. ಆ ಅನಿಲವೇ ಇಂದು ಆಮ್ಲಜನಕವೆಂದು ಪ್ರಸಿದ್ಧವಾಗಿರುವುದು.

ಈ ಪ್ರಯೋಗಗಳ ಕಾಲದಲ್ಲಿಯೇ ಒಂದು ಆಕ್ಷೇಪವೂ ಕೇಳಿಬಂದಿತ್ತು. ಪ್ರೀಸ್ಟ್ಲಿಯ ಕುಟುಂಬಮಿತ್ರೆಯಾಗಿದ್ದ ಕವಯಿತ್ರಿ ಆನಾ ಲೆಟೀಷಿಯಾ, ರಾತ್ರಿಯಿಡೀ ಬೋನಿನಲ್ಲಿದ್ದು ಬೆಳಗಿನ ಪ್ರಯೋಗಕ್ಕಾಗಿ ಕಾಯುತ್ತಿರುವ ಇಲಿಯ ಮೊರೆಯನ್ನು ಕವಿತೆಯಾಗಿ ಬರೆದಳು. ಅದು 1773ರಲ್ಲಿ ಅಚ್ಚಾಯಿತು. ಆ ಹಾಳೆಯನ್ನು ಬೋನಿನ ಕಂಬಿಗೆ ಸಿಕ್ಕಿಸಿಟ್ಟಿದ್ದಳೆಂದೂ, ಪ್ರೀಸ್ಟ್ಲಿ ಓದಿ ಆ ಇಲಿಯನ್ನು ಬಿಟ್ಟುಬಿಟ್ಟನೆಂದೂ ಪ್ರತೀತಿ. ಬಿಡುಗಡೆಯಾದುದು ಒಂದೇ ಇಲಿ, ಪ್ರಯೋಗಗಳು ಮುಂದುವರಿದವು. ಆದರೂ ಪ್ರಾಣಿಪ್ರಯೋಗದ ಇತಿಹಾಸವನ್ನು ಬರೆಯುವವರು ಈ ಚಿಕ್ಕ ಪ್ರಸಂಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪ್ರಯೋಗಕ್ಕೆ ಒಳಗಾಗುವ ಪ್ರಾಣಿಗೂ ತನ್ನದೊಂದು ಅಭಿಪ್ರಾಯವಿರಬಹುದೆಂಬ ಯೋಚನೆ ಅಲ್ಲಿ ಪ್ರಯೋಗಶಾಲೆಯ ಬಾಗಿಲವರೆಗೂ ಬಂದು ನಿಂತಿತ್ತು.

ಉಸಿರಿನ ಅಳತೆಯಿಂದ ಓಟದ ಅಳತೆಗೆ ಬರಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ದುಡಿಯುವ ದೇಹ ಹೆಚ್ಚು ಆಮ್ಲಜನಕವನ್ನು ಬಳಸುತ್ತದೆಂಬುದನ್ನು ಫ್ರಾನ್ಸಿನ ಲವಾಸಿಯೆ ತನ್ನ ಸಹಾಯಕನ ದೇಹದ ಮೇಲೆಯೇ ಅಳೆದು ತೋರಿಸಿದ್ದನು. 1923ರಲ್ಲಿ ಇಂಗ್ಲೆಂಡಿನ ಎ.ವಿ. ಹಿಲ್ ಮತ್ತು ಹಾರ್ಟ್‌ಲಿ ಲಪ್ಟನ್ ಎಂಬವರು ಒಂದು ಹೆಜ್ಜೆ ಮುಂದೆ ಹೋದರು. ಬೆನ್ನಿಗೆ ಚೀಲ ಕಟ್ಟಿ, ಬಿಟ್ಟ ಉಸಿರನ್ನು ಅದರಲ್ಲಿ ಸಂಗ್ರಹಿಸುತ್ತ ಹುಲ್ಲಿನ ಮೈದಾನದಲ್ಲಿ ಓಡಿದವರಲ್ಲಿ ಹಿಲ್ ತಾನೂ ಒಬ್ಬ. ಓಟದ ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುತ್ತದೆ. ಆದರೆ ಒಂದು ಹಂತದ ಮೇಲೆ ವೇಗ ಹೆಚ್ಚಿದರೂ ಬಳಕೆ ಹೆಚ್ಚುವುದಿಲ್ಲ. ಶ್ವಾಸಕೋಶ, ಹೃದಯ, ರಕ್ತ, ಸ್ನಾಯು ಇವೆಲ್ಲ ಸೇರಿ ಮುಟ್ಟಬಲ್ಲ ಆ ಗರಿಷ್ಠ ಮಿತಿಯೇ ಒಂದು ದೇಹದ ದೀರ್ಘ ಓಟದ ಬಂಡವಾಳ. ಒಬ್ಬೊಬ್ಬರಲ್ಲಿ ಅದು ಒಂದೊಂದು.

ಒಂದೊಂದು ಎಂಬ ಈ ಮಾತೇ ವಿಜ್ಞಾನಕ್ಕೆ ಬಹುಕಾಲ ತೊಡಕಾಗಿತ್ತು. ಔಷಧವೊಂದನ್ನು ಹತ್ತು ಇಲಿಗಳಿಗೆ ಕೊಟ್ಟಾಗ ಹತ್ತೂ ಹತ್ತು ಬಗೆಯಲ್ಲಿ ಪ್ರತಿಕ್ರಿಯಿಸಿದರೆ ಔಷಧದ ಗುಣ ತಿಳಿಯುವುದು ಹೇಗೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಅಬಿ ಲೇತ್ರಪ್ ಎಂಬ ಮಹಿಳೆ ಶೋಕಿಗಾಗಿ ಸಾಕುವವರಿಗೆ ಇಲಿ ಮಾರುತ್ತಿದ್ದಳು. ಬರಬರುತ್ತ ವಿಜ್ಞಾನಿಗಳೇ ಅವಳ ಗಿರಾಕಿಗಳಾದರು. 1909ರಲ್ಲಿ ಕ್ಲಾರೆನ್ಸ್ ಲಿಟಲ್ ಎಂಬ ವಿದ್ಯಾರ್ಥಿ ಒಂದೇ ಸೂಲಿನ ಗಂಡು ಹೆಣ್ಣುಗಳನ್ನು ತಲೆತಲಾಂತರ ಕೂಡಿಸಿ, ಎಲ್ಲ ಇಲಿಗಳೂ ಅನುವಂಶೀಯತೆಯಲ್ಲಿ ಒಂದೇ ತೆರನಾಗಿರುವ ತಳಿಯನ್ನು ರೂಪಿಸಲಾರಂಭಿಸಿದನು. ಅವನು 1929ರಲ್ಲಿ ಸ್ಥಾಪಿಸಿದ ಜಾಕ್ಸನ್ ಪ್ರಯೋಗಾಲಯ ಇಂತಹ ಇಲಿಗಳನ್ನು ಜಗತ್ತಿಗೇ ಒದಗಿಸಿತು. ಭೇದವನ್ನು ಅಳಿಸುವ ಈ ಪ್ರಯತ್ನವನ್ನು ಕೇವಲ ಯಾಂತ್ರಿಕ ದೃಷ್ಟಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಾಣಿಗಳು ಒಂದೇ ತೆರನಾಗಿದ್ದಷ್ಟೂ ನಿರ್ಣಯಕ್ಕೆ ಬೇಕಾಗುವ ಸಂಖ್ಯೆ ಕಡಿಮೆ. ನೂರು ಇಲಿಗಳ ಬದಲು ಇಪ್ಪತ್ತು ಸಾಕಾಗಬಹುದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಆಂಗ್ಲ ವಿದ್ವಾಂಸರು ಪ್ರಯೋಗದಲ್ಲಿ ಪ್ರಾಣಿಗೆ ಬದಲಿ ಹುಡುಕುವುದು, ಸಂಖ್ಯೆ ತಗ್ಗಿಸುವುದು, ನೋವು ತಗ್ಗಿಸುವುದು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟಾಗ, ಸಂಖ್ಯೆ ತಗ್ಗಿಸುವ ಉಪಾಯಗಳಲ್ಲಿ ಈ ಏಕರೂಪತೆಯೂ ಸೇರಿತ್ತು.

ಆದರೆ ಎಲ್ಲವನ್ನೂ ಸರಾಸರಿಯಲ್ಲಿ ಕರಗಿಸುವ ಅಭ್ಯಾಸದಿಂದ ಒಂದು ದೊಡ್ಡ ಸತ್ಯ ಮರೆಯಾಗಿತ್ತು. 1987ರಲ್ಲಿ ಆಲ್ಬರ್ಟ್ ಬೆನೆಟ್ ಎಂಬ ಶರೀರಶಾಸ್ತ್ರಜ್ಞನು, ಜೀವಿ ಜೀವಿಯ ನಡುವಣ ವ್ಯತ್ಯಾಸ ದೋಷವಲ್ಲ, ಅದೇ ಅಧ್ಯಯನದ ವಸ್ತುವಾಗಬೇಕು ಎಂದು ವಾದಿಸಿ ಪ್ರಬಂಧ ಬರೆದನು. 1992ರಲ್ಲಿ ಫ್ರೀಡ್‌ಮನ್, ಗಾರ್ಲಂಡ್, ಡೋಮ್ ಎಂಬ ಮೂವರು ಇಲಿಗಳ ಚಲನಶೀಲತೆಯಲ್ಲಿಯೂ ಗರಿಷ್ಠ ಆಮ್ಲಜನಕ ಬಳಕೆಯಲ್ಲಿಯೂ ಕಾಣುವ ವ್ಯಕ್ತಿಭೇದವನ್ನೇ ವಿಷಯವಾಗಿಸಿ ಲೇಖನ ಪ್ರಕಟಿಸಿದರು. ಇಂತಹ ಅಧ್ಯಯನದಲ್ಲಿ ಮುಖ್ಯವಾಗುವುದು ಪುನರಾವರ್ತನೆ. ಇಂದು ಮುಂದಿದ್ದ ಇಲಿ ನಾಳೆ ಅಳೆದರೂ ಮುಂದಿದ್ದರೆ ಮಾತ್ರ ಆ ಭೇದ ಅಳತೆಯ ತಪ್ಪಲ್ಲ, ಆ ಇಲಿಯದೇ ಗುಣ.

ಆ ಮೂವರಲ್ಲಿ ಥಿಯೊಡೋರ್ ಗಾರ್ಲಂಡ್ 1993ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರಯೋಗ ಪ್ರಸಿದ್ಧವಾಯಿತು. ಗೂಡಿನಲ್ಲಿ ತಿರುಗುವ ಚಕ್ರವಿದ್ದರೆ ಇಲಿ ಯಾರೂ ಅಟ್ಟದಿದ್ದರೂ ರಾತ್ರಿ ಅದರಲ್ಲಿ ಓಡುತ್ತದೆ; ಕೆಲವು ಕಿಲೋಮೀಟರ್ ಓಡುವುದು ಸಾಮಾನ್ಯ. ಗಾರ್ಲಂಡ್ ಪ್ರತಿ ಇಲಿಗೂ ಆರು ದಿನ ಚಕ್ರವನ್ನು ಕೊಟ್ಟು, ಐದನೆಯ ಮತ್ತು ಆರನೆಯ ದಿನದ ಸುತ್ತುಗಳನ್ನು ಎಣಿಸಿ, ಹೆಚ್ಚು ಓಡಿದವುಗಳಿಂದ ಮುಂದಿನ ಪೀಳಿಗೆಯನ್ನು ಪಡೆದನು. ನಾಲ್ಕು ವಂಶಗಳು ಆಯ್ಕೆಗೆ, ನಾಲ್ಕು ವಂಶಗಳು ಹೋಲಿಕೆಗೆ. ಹತ್ತು ಪೀಳಿಗೆ ಕಳೆಯುವಷ್ಟರಲ್ಲಿ ಆಯ್ದ ವಂಶದ ಇಲಿಗಳು ಹೋಲಿಕೆಯ ಇಲಿಗಳಿಗಿಂತ ಶೇಕಡಾ 75ರಷ್ಟು ಹೆಚ್ಚು ಸುತ್ತು ಓಡುತ್ತಿದ್ದವು. ಅವು ಹೆಚ್ಚು ಹೊತ್ತು ಓಡಿದುದಕ್ಕಿಂತ ಹೆಚ್ಚು ವೇಗವಾಗಿ ಓಡಿದುದೇ ಇದಕ್ಕೆ ಮುಖ್ಯ ಕಾರಣ. ಅನಂತರ ಒಂದು ಹಂತದಲ್ಲಿ ಏರಿಕೆ ನಿಂತಿತು. ಎಷ್ಟು ಆಯ್ದರೂ ಓಟ ಹೆಚ್ಚಲಿಲ್ಲ. ಕೆಲವು ವಂಶಗಳಲ್ಲಿ ಹಿಂಗಾಲಿನ ಸ್ನಾಯು ಅರ್ಧಕ್ಕೆ ಇಳಿದಿತ್ತು, ಆದರೂ ಆ ಇಲಿಗಳು ಹಿಂದೆ ಬೀಳಲಿಲ್ಲ. ದಪ್ಪ ತೊಡೆಯನ್ನು ನೋಡಿ ಓಟವನ್ನು ಅಂದಾಜು ಮಾಡುವವರಿಗೆ ಇದೊಂದು ಪಾಠ. ಓಡುವ ಇಲಿಯ ವೈಶಿಷ್ಟ್ಯ ಸ್ನಾಯುವಿನಲ್ಲಿ ಮಾತ್ರವಲ್ಲ, ಮೆದುಳಿನಲ್ಲಿ, ಅಂದರೆ ಓಡಬೇಕೆಂಬ ಬಯಕೆಯಲ್ಲಿಯೂ ಇದೆಯೆಂದು ಮುಂದಿನ ಅಧ್ಯಯನಗಳು ಸೂಚಿಸಿದವು.

ಇದರ ಜೊತೆಜೊತೆಗೇ, 1996ರಿಂದ, ಕಾಕ್ ಮತ್ತು ಬ್ರಿಟನ್ ಎಂಬವರು ದೊಡ್ಡ ಜಾತಿಯ ಇಲಿಗಳಲ್ಲಿ ಇನ್ನೊಂದು ಪ್ರಯೋಗ ನಡೆಸಿದರು. ಅಲ್ಲಿ ಚಕ್ರದ ಬದಲು ಟ್ರೆಡ್‌ಮಿಲ್, ಎಂದರೆ ಕೆಳಗೆ ಸರಿಯುವ ಪಟ್ಟಿ. ದಣಿಯುವವರೆಗೆ ಓಡಿಸಿ, ಹೆಚ್ಚು ಓಡಿದವುಗಳದೊಂದು ವಂಶ, ಕಡಿಮೆ ಓಡಿದವುಗಳದೊಂದು ವಂಶ ಬೆಳೆಸಿದರು. ಹನ್ನೊಂದು ಪೀಳಿಗೆಗಳ ಅನಂತರ, ಕಡಿಮೆ ಓಡುವ ವಂಶದಲ್ಲಿ ರಕ್ತದೊತ್ತಡ, ಕೊಬ್ಬು, ಸಕ್ಕರೆಗೆ ಸಂಬಂಧಿಸಿದ ದೋಷಗಳು ಹೆಚ್ಚಾಗಿದ್ದುದು 2005ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿಯೂ ಇಂತಹುದೇ ಭೇದವಿದೆ. ಕ್ಲಾಡ್ ಬುಶಾರ್ ಮತ್ತು ಸಂಗಡಿಗರು 98 ಕುಟುಂಬಗಳ 481 ಮಂದಿಗೆ 20 ವಾರ ಒಂದೇ ರೀತಿಯ ವ್ಯಾಯಾಮ ಮಾಡಿಸಿ 1999ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಲವರ ಆಮ್ಲಜನಕ ಸಾಮರ್ಥ್ಯ ನಿಮಿಷಕ್ಕೆ ಒಂದು ಲೀಟರಿಗೂ ಮೀರಿ ಹೆಚ್ಚಿತು, ಕೆಲವರದು ಹೆಚ್ಚುಕಡಿಮೆ ಇದ್ದಲ್ಲಿಯೇ ಉಳಿಯಿತು. ಮನೆಯ ಮಕ್ಕಳಲ್ಲಿ ಒಬ್ಬನನ್ನು ಇನ್ನೊಬ್ಬನಿಗೆ ಹೋಲಿಸಿ ಸೋಮಾರಿಯೆಂದು ಜರೆಯುವ ಹಿರಿಯರು ಈ ಅಂಕಿಗಳನ್ನು ಒಮ್ಮೆ ಗಮನಿಸಬಹುದು.

ಜೈನ ಕರ್ಮಸಿದ್ಧಾಂತದಲ್ಲಿ ಜೀವಗಳ ಶಕ್ತಿಭೇದಕ್ಕೆ ನಿಶ್ಚಿತವಾದ ಸ್ಥಾನವುಂಟು. ಅನಂತವೀರ್ಯವು ಜೀವದ ಸ್ವಭಾವ. ಅಂತರಾಯ ಕರ್ಮದ ಐದು ಭೇದಗಳಲ್ಲಿ ಒಂದಾದ ವೀರ್ಯಾಂತರಾಯವು ಅದನ್ನು ತಡೆಯುತ್ತದೆ. ಆ ತಡೆ ಎಷ್ಟು ಸಡಿಲವಾಗಿದೆಯೋ ಅಷ್ಟು ಶಕ್ತಿ ಪ್ರಕಟವಾಗುತ್ತದೆ. ಎಲುಬು ಕೀಲುಗಳ ದೃಢತೆಗೆ ನಾಮಕರ್ಮದ ಸಂಹನನವೆಂಬ ಬೇರೆಯೇ ವಿಭಾಗವಿದೆ. ಇದನ್ನು ಮುಂದಿಟ್ಟುಕೊಂಡು, ವಿಜ್ಞಾನ ಈಗ ಹೇಳಿದ್ದನ್ನು ಪೂರ್ವಾಚಾರ್ಯರು ಅಂದೇ ಹೇಳಿದ್ದರೆನ್ನುವ ಚಪಲ ಬೇಡ. ಒಂದು ಬಂಧ ಮೋಕ್ಷಗಳ ವಿಚಾರ, ಇನ್ನೊಂದು ಅಳತೆಯ ವಿಚಾರ. ಆದರೆ ಒಂದು ಮಾತು ಇಲ್ಲಿ ಪ್ರಸ್ತುತ. ಆ ಶಾಸ್ತ್ರದಲ್ಲಿ ಇಲಿಯೂ ಕೋಣವೂ ಒಂದೇ ವರ್ಗಕ್ಕೆ, ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚಗಳ ವರ್ಗಕ್ಕೆ ಸೇರುತ್ತವೆ. ಮನಸ್ಸುಂಟೆಂದು ಒಪ್ಪಿದ ಮೇಲೆ, ಆ ಪ್ರಾಣಿ ಓಡಿತೋ ಅಥವಾ ಓಡಿಸಲ್ಪಟ್ಟಿತೋ ಎಂಬ ಪ್ರಶ್ನೆಯನ್ನು ಬದಿಗಿಡಲಾಗದು.

ಚಕ್ರಕ್ಕೂ ಟ್ರೆಡ್‌ಮಿಲ್ಲಿಗೂ ಇರುವ ಅಂತರ ಇದೇ. ಚಕ್ರದಿಂದ ಇಲಿ ಬೇಕೆಂದಾಗ ಇಳಿಯಬಹುದು. ಟ್ರೆಡ್‌ಮಿಲ್ಲಿನ ಹಿಂತುದಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ಸಣ್ಣ ಆಘಾತ ಕೊಡುವ ಸರಳುಗಳಿರುತ್ತವೆ. ನಿಂತ ಇಲಿ ಹಿಂದಕ್ಕೆ ಸರಿದು ಅದನ್ನು ಮುಟ್ಟುತ್ತದೆ, ಮತ್ತೆ ಓಡುತ್ತದೆ. ಕೆಲವೆಡೆ ಆಘಾತಕ್ಕೆ ಬದಲಾಗಿ ಗಾಳಿಯ ಊದುವಿಕೆಯನ್ನೋ ಮೃದುವಾದ ಬ್ರಷ್ಷನ್ನೋ ಬಳಸುವುದುಂಟು. ಆಘಾತದಿಂದ ದೊರೆತ ಅಂಕಿಯಲ್ಲಿ ಇಲಿಯ ಹೃದಯ ಸ್ನಾಯುಗಳ ಸಾಮರ್ಥ್ಯವೆಷ್ಟು, ಅದರ ಭಯವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಸಾಮರ್ಥ್ಯವಿದ್ದೂ ಓಡಲೊಲ್ಲದ ಇಲಿಗಳಿರುತ್ತವೆ. ಅವನ್ನು ಲೆಕ್ಕದಿಂದ ಹೊರಗಿಡುವುದು ರೂಢಿ. ಹೀಗೆ ಹೊರಗಿಟ್ಟುದೂ ಒಂದು ವ್ಯಕ್ತಿಭೇದವೇ ಅಲ್ಲವೆ?

ಗೂಡಿನೊಳಗಿನ ಇಲಿ ಬೇಸರದಿಂದಲೋ ಮನೋವಿಕಾರದಿಂದಲೋ ಚಕ್ರ ತಿರುಗಿಸುತ್ತದೆಂದು ಅನೇಕರು ಶಂಕಿಸಿದ್ದರು. 2014ರಲ್ಲಿ ನೆದರ್ಲೆಂಡಿನ ಲೈಡನ್ನಿನ ಯೊಹಾನ್ನಾ ಮೈಯರ್ ಮತ್ತು ಯೂರಿ ರಾಬರ್ಸ್ ಈ ಶಂಕೆಯನ್ನು ಸರಳ ರೀತಿಯಲ್ಲಿ ಪರೀಕ್ಷಿಸಿದುದನ್ನು ಪ್ರಕಟಿಸಿದರು. ನಗರದಂಚಿನ ಹಸಿರು ಪ್ರದೇಶದಲ್ಲಿಯೂ ಸಮುದ್ರತೀರದ ಮರಳುದಿಬ್ಬಗಳಲ್ಲಿಯೂ ಚಕ್ರಗಳನ್ನಿಟ್ಟು, ಪಕ್ಕದಲ್ಲಿ ಕ್ಯಾಮೆರಾ ಇಟ್ಟು ಕಾದರು. ಯಾರೂ ಸಾಕದ, ಯಾರೂ ಕಟ್ಟಿಹಾಕದ ಕಾಡು ಇಲಿಗಳು ತಾವಾಗಿ ಬಂದು ಚಕ್ರವನ್ನೇರಿ ಓಡಿದವು. ಇಟ್ಟಿದ್ದ ಆಹಾರವನ್ನು ತೆಗೆದ ಮೇಲೂ ಬಂದವು. ಕಪ್ಪೆಗಳೂ ಬಂದವು. ಬಸವನಹುಳುಗಳೂ ಚಕ್ರವನ್ನು ಹತ್ತಿ ನೋಡಿದವೆಂದು ವರದಿಯಲ್ಲಿದೆ. ಶಾಸ್ತ್ರದ ಪ್ರಕಾರ ದ್ವೀಂದ್ರಿಯವಾದ ಆ ಜೀವದ ಚಲನೆಯನ್ನು ಓಟವೆನ್ನುವಂತಿಲ್ಲ, ಬಿಡಿ.

ಹಿರಿಯಡಕದ ಕವಲಿನಲ್ಲಿ ಈಗ ಕಾರ್ಕಳದ ಕಡೆಗೆ ತಿರುಗಬೇಕು. ಪ್ರಯೋಗಶಾಲೆ ವ್ಯಕ್ತಿಭೇದವನ್ನು ಕಂಡುಕೊಳ್ಳಲು ಬಹುಕಾಲ ತೆಗೆದುಕೊಂಡಿತು. ತುಳುನಾಡಿನ ಬೇಸಾಯಗಾರನಿಗೆ ಅದು ಎಂದೂ ಮರೆಯಾಗಿರಲಿಲ್ಲ. ಕೋಣಕ್ಕೆ ಕುಟ್ಟಿ, ಬೊಲ್ಲ, ಚೆನ್ನ, ತಾಟೆ ಎಂದು ಹೆಸರಿಡುವವನು ಅದನ್ನು ಸರಾಸರಿಯಲ್ಲಿ ಕಾಣುವುದು ಸಾಧ್ಯವಿಲ್ಲ. ಕಂಬಳದ ವಿಭಾಗಗಳನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂಬಲ್ಲಿ ವಯಸ್ಸಿನ ಭೇದವೂ ಸಾಧನದ ಭೇದವೂ ಇದೆ. ಅಡ್ಡ ಹಲಗೆಯದು ಇನ್ನೊಂದು ಬಗೆ. ಕನೆ ಹಲಗೆಯಲ್ಲಿಯಂತೂ ವೇಗಕ್ಕೆ ಬಹುಮಾನವೇ ಇಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು, ಆರೂವರೆ ಕೋಲಿನದೋ ಏಳೂವರೆ ಕೋಲಿನದೋ, ಮುಟ್ಟಬೇಕು. ಹಗ್ಗದಲ್ಲಿ ಮುಂದಿರುವ ಜೋಡಿ ಹಲಗೆಯಲ್ಲಿ ಮುಂದಿರಬೇಕೆಂದಿಲ್ಲ. ಓಟವೆಂಬುದು ಒಂದೇ ಗುಣವಲ್ಲ, ಗುಣಗಳ ಗೊಂಚಲು ಎಂದು ಶರೀರಶಾಸ್ತ್ರ ಹೇಳುವುದನ್ನು ಕಂಬಳದ ಗದ್ದೆ ತನ್ನದೇ ರೀತಿಯಲ್ಲಿ ವಿಭಾಗಿಸಿಟ್ಟಿತ್ತು.

ಕಂಬಳದ ಓಟ ದೀರ್ಘ ಓಟವಲ್ಲ. ಗಂತಿನಿಂದ ಮಂಜೊಟ್ಟಿಯವರೆಗೆ ಹೆಚ್ಚುಕಡಿಮೆ ಹದಿಮೂರು ಹದಿನಾಲ್ಕು ಸೆಕೆಂಡು. ಅಷ್ಟು ಹೊತ್ತಿನ ಓಟಕ್ಕೆ ಬೇಕಾದ ಶಕ್ತಿಯ ಬಹುಭಾಗ ಸ್ನಾಯುವಿನಲ್ಲಿ ಮೊದಲೇ ಸಂಗ್ರಹವಾಗಿರುತ್ತದೆ. ಉಸಿರಿನ ಆಮ್ಲಜನಕ ಮುಖ್ಯವಾಗುವುದು ಅನಂತರ, ದಣಿವಾರಿಸಿಕೊಳ್ಳುವಾಗ. ಹಗಲು ರಾತ್ರಿ ನಡೆಯುವ ಕಂಬಳದಲ್ಲಿ ಗೆಲ್ಲುವ ಜೋಡಿ ಸುತ್ತಿನ ಮೇಲೆ ಸುತ್ತು ಓಡಬೇಕಾಗುವುದರಿಂದ ಈ ಎರಡನೆಯ ಸಾಮರ್ಥ್ಯವೂ ಪರೀಕ್ಷೆಗೆ ಬರುತ್ತದೆ. ಬೆವರುಗ್ರಂಥಿಗಳು ವಿರಳವಾಗಿರುವ, ಕಪ್ಪು ಚರ್ಮದ ಎಮ್ಮೆ ಜಾತಿಗೆ ಬಿಸಿಲು ಸಹಿಸುವುದು ಕಷ್ಟ. ಅದಕ್ಕೆ ನೀರೂ ಕೆಸರೂ ಬೇಕೇ ಬೇಕು.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, ಉಸೇನ್ ಬೋಲ್ಟನ 9.58ರ ದಾಖಲೆಗೆ ಹೋಲಿಸಿ ದೇಶವೆಲ್ಲ ಸಂಭ್ರಮಿಸಿತು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ನಯವಾಗಿ ಒಲ್ಲೆನೆಂದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು. ಓಡಿಸುವವರ ಸಾಹಸ ಪ್ರಶಂಸನೀಯವೇ. ಮಿಯಾರಿನಲ್ಲಿ ಗುಣಪಾಲ ಕಡಂಬರು 2011ರಲ್ಲಿ ಆರಂಭಿಸಿದ ಕಂಬಳ ಅಕಾಡೆಮಿಯಿಂದ ತರಬೇತಾಗಿ ಬಂದವರಲ್ಲಿ ಗೌಡರೂ ಒಬ್ಬರು. ಆದರೆ ಆ 13.62 ಸೆಕೆಂಡು ಯಾರ ಅಳತೆ? ಮುಂದೆ ಎರಡು ಕೋಣಗಳು ಗಂಟೆಗೆ ಮೂವತ್ತೇಳು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎಳೆಯುತ್ತಿದ್ದವು. ಹಿಂದಿದ್ದ ಮನುಷ್ಯನ ಹೆಸರು ಜಗತ್ತನ್ನು ಸುತ್ತಿತು. ಮುಂದಿದ್ದ ಎರಡರ ಹೆಸರನ್ನು ಕೇಳಿದವರು ಬಹುಮಟ್ಟಿಗೆ ಈ ಎರಡು ಜಿಲ್ಲೆಯವರು ಮಾತ್ರ.

ಇಲಿಯನ್ನೂ ಕೋಣವನ್ನೂ ಒಂದೇ ಲೇಖನದಲ್ಲಿ ತಂದುದು ಕೇವಲ ಉಪಮೆಗಾಗಿ ಅಲ್ಲ. ಎರಡನ್ನೂ ಆಳುವುದು ಒಂದೇ ಕಾಯಿದೆ. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ ಕೇಂದ್ರ ಸರ್ಕಾರವು 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯನ್ನು ಜಾರಿಗೆ ತಂದಿತು. ಅದರ 11ನೆಯ ಕಲಮು ಹೊಡೆಯುವುದು, ಅತಿಯಾಗಿ ಓಡಿಸುವುದು, ಅತಿಭಾರ ಹೇರುವುದು, ಮೇವು ನೀರು ಕೊಡದಿರುವುದು ಮುಂತಾದವನ್ನು ಅಪರಾಧವೆನ್ನುತ್ತದೆ. ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು, ಅಂದರೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳನ್ನು, ಬಲ್ಲವರಿಗೆ ಈ ಪಟ್ಟಿ ಬಹಳ ಪರಿಚಿತವಾಗಿ ಕಾಣುತ್ತದೆ. ಇದೇ ಕಾಯಿದೆಯ ಪ್ರಯೋಗಗಳಿಗೆ ಸಂಬಂಧಿಸಿದ ಅಧ್ಯಾಯದಡಿ 1998ರಲ್ಲಿ ನಿಯಮಗಳಾದವು; ಪ್ರಾಣಿಗಳನ್ನು ಬಳಸುವ ಪ್ರತಿ ಸಂಸ್ಥೆಯಲ್ಲಿಯೂ ನೈತಿಕ ಸಮಿತಿಯಿರಬೇಕಾಯಿತು, ಇಲಿಯ ಪ್ರಯೋಗಕ್ಕೂ ಅದರ ಒಪ್ಪಿಗೆ ಬೇಕಾಯಿತು.

ಕಂಬಳದ ಮಟ್ಟಿಗೆ ಆ ಕಾಯಿದೆ ತಡವಾಗಿ, ಆದರೆ ಬಲವಾಗಿ ಬಂದಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಪಿನಾಕಿಚಂದ್ರ ಘೋಷ್ ಅವರ ಪೀಠವು ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿಯ ಓಟಗಳನ್ನು ನಿಷೇಧಿಸಿತು. ಎತ್ತಿನ ದೇಹರಚನೆ ಕುದುರೆಯಂತೆ ಓಟಕ್ಕೆ ಹೊಂದಿದುದಲ್ಲವೆಂಬುದೂ ಆ ತೀರ್ಪಿನ ಕಾರಣಗಳಲ್ಲೊಂದು. ಶರೀರಶಾಸ್ತ್ರದ ಪ್ರಶ್ನೆ ಹೀಗೆ ನ್ಯಾಯಾಲಯವನ್ನು ಪ್ರವೇಶಿಸಿತು. 2016ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಬಳಕ್ಕೆ ಮಧ್ಯಂತರ ತಡೆ ನೀಡಿತು. ರಾಜ್ಯವು 2017ರಲ್ಲಿ ತಿದ್ದುಪಡಿ ತಂದಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು, 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳ ಉಳಿಯಿತು. ಅನಾವಶ್ಯಕ ನೋವಾಗಬಾರದೆಂಬ ಷರತ್ತೂ ಉಳಿಯಿತು.

ಬೆತ್ತದ ಪ್ರಶ್ನೆ ಇಲ್ಲಿಯೇ ಬರುತ್ತದೆ. ಬೆತ್ತವಿಲ್ಲದೆ ಕೋಣ ಓಡದೆಂದು ಹೇಳುವವರಿದ್ದಾರೆ. ಪಳಗಿದ ಜೋಡಿಗೆ ಬೆತ್ತದ ನೆರಳು ಸಾಕೆನ್ನುವವರೂ ಅದೇ ಗದ್ದೆಯ ಅಂಚಿನಲ್ಲಿದ್ದಾರೆ. ಇಲಿಯ ಇತಿಹಾಸ ಎರಡನೆಯವರ ಪಕ್ಷಕ್ಕೆ ಸ್ವಲ್ಪ ಬಲ ಕೊಡುತ್ತದೆ. ಓಟದ ಭೇದ ಅನುವಂಶೀಯತೆಯಲ್ಲಿ, ಅಭ್ಯಾಸದಲ್ಲಿ, ಬಯಕೆಯಲ್ಲಿ ಇರುವಾಗ, ಪೆಟ್ಟು ಅಳೆಯುವುದು ಭಯವನ್ನು. ಲೇಸರ್ ಕಿರಣದಿಂದ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಕಾಲವನ್ನು ಗುರುತಿಸುವ ವ್ಯವಸ್ಥೆ ಕಂಬಳಕ್ಕೆ ಬಂದಿದೆ. ಅಷ್ಟು ಸೂಕ್ಷ್ಮವಾದ ಗಡಿಯಾರದ ಪಕ್ಕದಲ್ಲಿ ಪೆಟ್ಟಿನ ಲೆಕ್ಕವನ್ನು ಕಣ್ಣಳತೆಗೆ ಬಿಡುವುದು ಸರಿಹೊಂದುವುದಿಲ್ಲ.

ಮುಲ್ಕಿ ಸೀಮೆಯ ಅರಸು ಕಂಬಳ ಸಾವಂತ ಮನೆತನದ ಹೆಸರಿನೊಂದಿಗೆ ನಡೆದುಬಂದಿದೆ. ಇತರ ಜೈನ ಬೀಡುಗಳಿಗೂ ಈ ಸಂಪ್ರದಾಯದೊಡನೆ ಹಳೆಯ ನಂಟಿದೆ. ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣ ತ್ಯಜಿಸಬೇಕೆಂದು ವಿಧಿಸಿದ ಪರಂಪರೆಯಲ್ಲಿ ಈ ಬೀಡುಗಳು ಕಂಬಳ ನಡೆಸಿದುದು ಹೇಗೆ? ಉಳುವ ಕೋಣವೇ ಓಡುತ್ತಿದ್ದ ಕಾಲದಲ್ಲಿ ಉತ್ತರ ಸುಲಭವಿತ್ತು: ಅದು ಬೇಸಾಯದ ಅಂಗ, ಉದ್ಯೋಗದ ಹಿಂಸೆ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಓಟದ ಕೋಣ ಉಳುವುದಿಲ್ಲ. ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಲು ಕೊಳ ಕಟ್ಟುತ್ತಾರೆ. ಮನೆಮಗನಂತೆ ಸಾಕುತ್ತಾರೆನ್ನುವುದು ಅತಿಶಯೋಕ್ತಿಯಲ್ಲ. ಕಂಬಳ ನಿಂತರೆ ಗಂಡು ಕರುವನ್ನು ಸಾಕುವವರು ಯಾರು ಎಂಬ ಕಂಬಳ ಪಕ್ಷದವರ ಪ್ರಶ್ನೆಗೆ ನಿಷೇಧ ಪಕ್ಷದವರು ಸಮರ್ಪಕವಾದ ಉತ್ತರ ಕೊಟ್ಟಂತೆ ತೋರುವುದಿಲ್ಲ.

ಆದರೆ ಭೇದವಿರುವಲ್ಲಿ ಆಯ್ಕೆ ಇದೆ, ಆಯ್ಕೆ ಇರುವಲ್ಲಿ ಬಿಟ್ಟುದೂ ಇದೆ. ಗಾರ್ಲಂಡನ ಚಕ್ರದಲ್ಲಿ ಹೆಚ್ಚು ಸುತ್ತು ಓಡಿದ ಇಲಿಗಳು ತಂದೆತಾಯಿಗಳಾದವು. ಕಡಿಮೆ ಓಡಿದವು ಲೆಕ್ಕದ ಪುಸ್ತಕದಲ್ಲಿ ಮುಗಿದವು. ಪ್ರಯೋಗದ ಅನಂತರ ಪ್ರಾಣಿಗೆ ಪುನರ್ವಸತಿ ಕೊಡಬೇಕೆಂಬ ಮಾತು ಭಾರತದ ಮಾರ್ಗಸೂಚಿಗಳಲ್ಲಿ ಬಂದಿದೆ, ಅದೂ ಮುಖ್ಯವಾಗಿ ನಾಯಿ, ಕೋತಿ, ಕುದುರೆಗಳಂತಹ ದೊಡ್ಡ ಪ್ರಾಣಿಗಳ ವಿಷಯದಲ್ಲಿ. ಕೋಣಗಳಲ್ಲಿಯೂ ಹಾಗೆಯೇ. ಪದಕ ಗೆದ್ದ ಕೋಣವನ್ನು ಮುಪ್ಪಿನವರೆಗೂ ಸಾಕಿ, ಸತ್ತಾಗ ವಿಧಿಪೂರ್ವಕವಾಗಿ ಮಣ್ಣು ಮಾಡಿದ ಮನೆಗಳು ಈ ಜಿಲ್ಲೆಗಳಲ್ಲಿವೆ. ಓಟಕ್ಕೆಂದು ತಂದು ಓಡದೇ ಹೋದ ಕರುವಿನ ವಿಷಯ ಬೇರೆ. 2017ರ ತಿದ್ದುಪಡಿಯ ಕಾಳಜಿ ಓಟದ ದಿನದ್ದು. 2020ರಲ್ಲಿ ರಾಜ್ಯ ತಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯಾದರೋ 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ಕಂಬಳಕ್ಕೆ ಆಶ್ರಯ ನೀಡುವ ಬೀಡುಗಳೂ ದೇವಸ್ಥಾನಗಳ ಆಡಳಿತ ಮಂಡಳಿಗಳೂ ಕರೆಯ ಅಗಲ, ನೀರಿನ ಮಟ್ಟ, ಬಹುಮಾನದ ಪವನು ಇವನ್ನೆಲ್ಲ ಸಭೆ ಸೇರಿ ನಿಶ್ಚಯಿಸುತ್ತವೆ. ಸೋತ ಜೋಡಿಯ ಹದಿನಾಲ್ಕನೆಯ ವರ್ಷದ ಹುಲ್ಲು ನೀರಿಗೆ ಹೊಣೆ ಯಾರು ಎಂಬುದನ್ನು ಅದೇ ಸಭೆಯಲ್ಲಿ, ಅದೇ ನಡವಳಿ ಪುಸ್ತಕದಲ್ಲಿ ಬರೆದಿಡುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಾಗಿಲ್ಲ.